ರಾತ್ರಿ ಊಟದ ಗುಳಿಗೆ

ತೊಂಬತ್ತರ ದಶಕದ ಕೊನೆಗೆ, ವಯಸ್ಸಾದವರ ಆರೋಗ್ಯದ ಸಂಶೋಧನೆಗೆಂದು ನಾವು ಮೂವರು ಮೂಡಲಗಿ ಸುತ್ತಿನ ಹಳ್ಳಿಗಳನ್ನು ಅಲೆಯುತ್ತಿದ್ದೆವು: ಒಬ್ಬ ಡಾಕ್ಟರು, ಒಬ್ಬ ಆಹಾರತಜ್ಞೆ, ಸಮಾಜಶಾಸ್ತ್ರ ಓದಿದ ನಾನು. ಕಲ್ಲೋಳಿಯ ಜೈನ ಅಜ್ಜಿಯೊಬ್ಬರ ಬಿಪಿ ಮೂರು ತಿಂಗಳಾದರೂ ಇಳಿಯಲೊಲ್ಲದು. ಡಾಕ್ಟರು ಗುಳಿಗೆ ಬದಲಿಸೋಣ ಎಂದರು. ಆಹಾರತಜ್ಞೆ ಉಪ್ಪಿನಕಾಯಿಯನ್ನು ಬೈದರು. ಸೊಸೆ ಗುಳಿಗೆ ಸರಿಯಾಗಿ ಕೊಡುತ್ತಿಲ್ಲವೇನೋ ಎಂದೆ ನಾನು, ಅದೂ ಒಳಗಿದ್ದ ಆಕೆಗೆ ಕೇಳುವಂತೆ. ಅಂಗಳದಲ್ಲೇ ನಮ್ಮ ವಾದ ಏರಿತು.

ಅಜ್ಜಿ ಒಳಗಿನಿಂದ ಒಂದು ಡಬ್ಬಿ ತಂದು ನಮ್ಮೆದುರು ತೆರೆದರು. ತುಂಬ ಗುಳಿಗೆಗಳು. ಒಂದನ್ನೂ ನುಂಗಿರಲಿಲ್ಲ.

"ರಾತ್ರಿ ಊಟ ಆದಮ್ಯಾಲೆ ತಗೋರಿ ಅಂದಿದ್ರಿ. ಹೊತ್ತು ಮುಳುಗಿದ ಮ್ಯಾಲೆ ನಾವು ಉಣ್ಣಂಗಿಲ್ಲರಿ. ಊಟಾನ ಇಲ್ಲಂದ್ರ ಗುಳಿಗಿ ಹೆಂಗ ತಗೊಳ್ಳಲಿ?"

"ಮೊದಲ ಯಾಕ ಹೇಳಲಿಲ್ಲರಿ, ಅಜ್ಜಿ?" ಎಂದರು ಡಾಕ್ಟರು.

"ನಿದ್ದಿ ಕೇಳಿದ್ರಿ, ಉಪ್ಪು ಕೇಳಿದ್ರಿ. ಯಾವಾಗ ಉಣತೀರಿ ಅಂತ ಒಬ್ಬರರ ಕೇಳಿದ್ರೇನು?"

ಡಾಕ್ಟರು ಚೀಟಿಯಲ್ಲಿ 'ರಾತ್ರಿ' ಹೊಡೆದು 'ಸಂಜೆ' ಎಂದು ತಿದ್ದಿದರು. ಅಜ್ಜಿ ಪಡುವಣಕ್ಕೆ ನೋಡಿ, "ಏಳ್ರಿ, ಕೈ ತೊಳಕೋರಿ. ಹೊತ್ತು ಮುಳುಗಾಕತ್ತೈತಿ, ತಡ ಮಾಡಿದ್ರ ನಿಮಗೂ ಊಟ ಇಲ್ಲ" ಎಂದು ಗದರಿದರು.

ಬಿಸಿ ರೊಟ್ಟಿ ತಂದು ಬಡಿಸಿದವಳು ಆ ಸೊಸೆಯೇ. "ಇನ್ನೊಂದು ಹಾಕಲೇನ್ರಿ, ಅಣ್ಣಾರ?" ಎಂದು ನನ್ನನ್ನೇ ಮೊದಲು ಕೇಳಿದಳು.