ತಗ್ಗಲು ಬಿಡದ ನೀರು

2022ರ ಬೇಸಿಗೆ. ನೀರು ಸರಬರಾಜು ಇಲಾಖೆಯಲ್ಲಿ ಡೆಪ್ಯುಟಿ ಇಂಜಿನಿಯರ್ ಆಗಿ ನಿವೃತ್ತನಾಗಿ ರಾಯದುರ್ಗದಲ್ಲೇ ನೆಲೆಸಿದ್ದೆ. ಮೂವತ್ತೊಂದು ವರ್ಷ ಪೈಪು, ಟ್ಯಾಂಕುಗಳ ಸೋರಿಕೆ ಹಿಡಿದವನೆಂಬ ಕೀರ್ತಿ ಊರಿನಲ್ಲಿತ್ತು. ಅದನ್ನು ಹಬ್ಬಿಸುವುದರಲ್ಲಿ ನನ್ನ ಶ್ರಮವೂ ಅಲ್ಪವಾಗಿರಲಿಲ್ಲ.

ಬಟ್ಟೆ ವ್ಯಾಪಾರಿ ರುದ್ರಪ್ಪನವರು ಮನೆಯ ಹಿಂದೆ ಈಜುಕೊಳ ಕಟ್ಟಿಸಿದ್ದರು. ಹನ್ನೆರಡು ಮೀಟರ್ ಉದ್ದ, ಆರು ಅಗಲ. ರಜೆಯಲ್ಲಿ ಊರಿನ ಮಕ್ಕಳಿಗೆ ಈಜು ಕಲಿಸುವ ಯೋಜನೆ. ನೀರು ಮಾತ್ರ ನಿಲ್ಲಲೊಲ್ಲದು.

ಬಕೆಟ್ ಟೆಸ್ಟ್ ಮಾಡಿದೆ. ಬಕೆಟ್ಟಿಗೆ ನೀರು ತುಂಬಿ ಕೊಳದ ಮೆಟ್ಟಿಲ ಮೇಲಿಟ್ಟು, ಒಳಗೂ ಹೊರಗೂ ಮಟ್ಟ ಗುರುತಿಸಬೇಕು. ಬಕೆಟ್ಟಿನಲ್ಲಿ ಇಳಿದದ್ದು ಬಿಸಿಲಿನ ಪಾಲು. ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದದ್ದು ಸೋರಿಕೆಯ ಪಾಲು. ಬೆಳಿಗ್ಗೆಯಿಂದ ಸಂಜೆಯವರೆಗಿನ ಅಳತೆಯಿಂದ ಲೆಕ್ಕ ಹಾಕಿದರೆ, ಒಂದು ದಿನಕ್ಕೆ ಬಕೆಟ್ಟಿನಲ್ಲಿ ಹತ್ತು ಮಿಲಿಮೀಟರ್, ಕೊಳದಲ್ಲಿ ನಲವತ್ತೈದು. ಪಂಪ್ ಓಡಿದರೂ ನಿಂತರೂ ಅಷ್ಟೇ. “ತಳದ ಡ್ರೈನ್ ಪೈಪ್ ಒಡೆದಿದೆ, ನೆಲ ಅಗೆಯಬೇಕು” ಎಂದು ತೀರ್ಪಿತ್ತೆ. ಅಗೆದರೆ ಆ ರಜೆಯ ಈಜು ಮುಗಿದಂತೆಯೇ. ಅಗೆದ ಮೇಲೆ ಪೈಪು ಸರಿಯಾಗಿದ್ದರೆ ನನ್ನ ಹೆಸರೂ ಮುಗಿದಂತೆ. ಆದರೆ ಆ ಸಾಧ್ಯತೆಯನ್ನು ನಾನು ಪರಿಗಣನೆಗೆ ತೆಗೆದುಕೊಂಡಿರಲಿಲ್ಲ.

ರುದ್ರಪ್ಪನವರು ತಲೆ ಕೆರೆದುಕೊಂಡರು. “ರಂಗಣ್ಣನ್ನ ಒಂದ್ ಮಾತು ಕೇಳೋಣ್ರಿ ಸಾರ್. ನಮ್ಮವ್ವನ ತವರು ಅಮರಾಪುರದಾಗ ಸಂಪು, ತೊಟ್ಟಿ ರಿಪೇರಿ ಮಾಡ್ತಾನ್ರಿ.”

“ಕೇಳ್ರಿ, ಯಾಕಾಗಬಾರದು?” ಎಂದೆ. ಅಳತೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದೆ.

ರಂಗಣ್ಣ ಮೊಪೆಡ್ಡಿನಲ್ಲಿ ಬಂದ. ಕೈಯಲ್ಲಿ ಒಂದು ಕರಣೆ, ಒಂದು ಸುತ್ತಿಗೆ, ಇನ್ನೇನೂ ಇಲ್ಲ. ಕೊಳದ ಕಡೆ ನೋಡದೆ, ಜಗುಲಿಯಲ್ಲಿ ಕೂತಿದ್ದ ರುದ್ರಪ್ಪನವರ ತಾಯಿ ಗೌರಮ್ಮನವರನ್ನು ಕೇಳಿದ: “ಅಮ್ಮಾ, ದಿನಾ ನೀರು ಬಿಡ್ಸೋರು ಯಾರು?”

“ನಾನೇ ಬಿಡಿಸ್ತೀನಪ್ಪ. ಗಂಗಮ್ಮ ತಗ್ಗಿದ್ದು ಮಂದಿ ಕಣ್ಣಿಗೆ ಬೀಳಬಾರದು. ಬೆಳಗಾಗೋದ್ರಾಗ ತುಂಬಿರಬೇಕು.”

“ಒಂದ್ ವಾರ ಹಂಗೇ ಬಿಟ್ಬಿಡಮ್ಮ. ಎಲ್ಲಿ ನಿಲ್ತಾಳೋ ನೋಡಾನ.”

“ನಮ್ಮೂರವನು ಹೇಳಿದ ಮ್ಯಾಲೆ ಆಯ್ತು ಬಿಡು” ಎಂದು ಮುದುಕಿ ಒಪ್ಪಿಬಿಟ್ಟರು! ಒಪ್ಪಿದ್ದಲ್ಲದೆ ಅಡುಗೆಮನೆಗೇ ಕರೆದು ರಾಗಿಮುದ್ದೆ ಹಾಕಿದರು. ನಾನು ಆ ಮನೆಗೆ ಹನ್ನೊಂದು ಸಲ ಹೋಗಿದ್ದೆ. ನನಗೆ ಸಂದದ್ದು ಜಗುಲಿಯ ಕುರ್ಚಿ, ಅರ್ಧ ಲೋಟ ಕಾಫಿ.

ಅಗೆತ ಒಂದು ವಾರ ಮುಂದೆ ಹೋಯಿತು. ನಾನು ದಿನವೂ ಬೆಳಿಗ್ಗೆ ಸ್ಕೇಲು ಹಿಡಿದು ಹೋಗುತ್ತಿದ್ದೆ. ನೀರು ಎಲ್ಲಿಯೂ ನಿಲ್ಲದೆ ತಳ ಮುಟ್ಟಲಿ, ರಂಗಣ್ಣನ ಮುಖ ಇಳಿಯಲಿ ಎಂಬುದೊಂದೇ ಪ್ರಾರ್ಥನೆ. ಜೀವಮಾನದಲ್ಲಿ ಮೊದಲ ಸಲ ಒಂದು ಸೋರಿಕೆಗೆ ಶುಭ ಕೋರಿದೆ.

ಸೋರಿಕೆ ನನ್ನ ಕೈಬಿಟ್ಟಿತು. ನೂರಮೂವತ್ತು ಮಿಲಿಮೀಟರ್ ಇಳಿದ ಮೇಲೆ ಕೊಳಕ್ಕೂ ಬಕೆಟ್ಟಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಎರಡರಲ್ಲೂ ದಿನಕ್ಕೆ ಹತ್ತರ ಇಳಿತ. ಎಂದರೆ ತಳದ ಪೈಪು ನಿರಪರಾಧಿ. ರಂಗಣ್ಣ ನೀರಿನ ಗೆರೆಯ ಗುಂಟ ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಬಂದು ಒಂದು ಕಡೆ ನಿಂತ. ಟೈಲ್ಸ್ ಸಂದಿಯಲ್ಲಿ ಬಿಳಿ ಸಿಮೆಂಟ್ ಮೆತ್ತಿದ ಎರಡು ಚುಕ್ಕೆ.

ಗೌರಮ್ಮನವರು ಬಗ್ಗಿ ನೋಡಿ ಹಣೆ ಬಡಿದುಕೊಂಡರು. “ಅಯ್ಯ ಶಿವನೇ, ನಾನೇ ಹೊಡಿಸಿದ ತೂತು! ಗಂಗೆಪೂಜಿ ದಿನ ಬಾಳೆಕಂಬ ಕಟ್ಟಾಕ ಕೊಂಡಿ ಹಾಕ್ಸಿದ್ದೆ. ಆವಾಗ ನೀರು ಮೊಣಕಾಲಿನಷ್ಟ ಇತ್ತು.”

ಪೂಜೆ ಮುಗಿದ ಮೇಲೆ ಕೊಂಡಿ ಕಿತ್ತು ತೇಪೆ ಹಾಕಿದ್ದರು. ಅಲ್ಲಿ ಗೋಡೆ ಕಾಂಕ್ರೀಟಿನದಲ್ಲ, ಇಟ್ಟಿಗೆಯದು. ಕೊಳ ತುಂಬಿದಾಗ ತೂತು ಮುಳುಗಿ, ತೇಪೆಯ ಸಂದಿಯಿಂದ ನೀರು ಇಟ್ಟಿಗೆಗೆ ಇಳಿಯುತ್ತಿತ್ತು. ನಿತ್ಯವೂ ತುಂಬಿಸುತ್ತಿದ್ದರಿಂದ ನೀರು ಎಲ್ಲಿ ನಿಲ್ಲುತ್ತದೆಂದು ನೋಡುವ ಅವಕಾಶವೇ ಇರಲಿಲ್ಲ.

ರಿಪೇರಿ ನಾನೇ ಮಾಡಿಸಿದೆ. ತೂತು ಅಗಲಿಸಿ, ಒಣಗಿಸಿ, ಎಪಾಕ್ಸಿ ಅಂಟು ತುಂಬಿ, ಹೊಸ ಟೈಲ್ಸ್ ಕೂರಿಸಿ ಏಳು ದಿನ ಬಿಟ್ಟೆವು. ತುಂಬಿಸಿದ ನೀರು ನಿಂತಿತು. ಮಕ್ಕಳು ಧುಮುಕಿದರು.

“ಅಂತೂ ಯಾರು ಹಿಡಿದ್ರಿ ಕಳ್ಳನ್ನ?” ಎಂದು ರುದ್ರಪ್ಪನವರು ನಕ್ಕರು.

“ಸಾರೇ ಹಿಡಿದಿದ್ದು. ಅವ್ರ ಬಕೆಟ್ ಇಲ್ದಿದ್ರೆ ನೀರು ನಿಂತಿದ್ದು ನಂಗೆಲ್ಲಿ ಗೊತ್ತಾಗ್ತಿತ್ತು?” ಎಂದ ರಂಗಣ್ಣ.

ಅಲ್ಲಗಳೆಯಬೇಕಿತ್ತು. ಬದಲು ಬಕೆಟ್ಟನ್ನು ಬೋರಲು ಹಾಕಿ ಒರೆಸತೊಡಗಿದೆ. ಅವನ ಜಾಣತನವನ್ನಾದರೂ ಕ್ಷಮಿಸಬಹುದಿತ್ತು, ಈ ದೊಡ್ಡತನವನ್ನಲ್ಲ.

ನೀರನ್ನು ಅಳೆಯುವ ಮೊದಲು ಅದನ್ನು ದಿನವೂ ನೋಡುವವರನ್ನು ಮಾತಾಡಿಸಬೇಕು. ವೃತ್ತಿ ನನಗೆ ಕಲಿಸಿದ ಕೊನೆಯ ಪಾಠವಿದು, ಅದೂ ನಿವೃತ್ತಿಯ ನಂತರ. ಆಮೇಲೆ ಬೆಳುಗುಪ್ಪದ ಕಡೆ ಎರಡು ಸಂಪುಗಳ ಸೋರಿಕೆಯನ್ನು ಹಾಗೆಯೇ ಹಿಡಿದೆ. “ಅನುಭವ ಅಂದ್ರ ಇದು ನೋಡ್ರಿ” ಎಂದು ಆ ಮನೆಯವರು ಹೊಗಳಿದರು. ಅದು ರಂಗಣ್ಣನ ವಿದ್ಯೆ ಎಂದು ಈವರೆಗೆ ಯಾರಿಗೂ ಹೇಳಿರಲಿಲ್ಲ. ಇದನ್ನು ಓದಿದರೆ ಅವನು “ಅದ್ರಾಗೇನೈತೆ ಬಿಡಿ ಸಾ” ಎಂದಾನು. ಆ ಮಾತನ್ನೂ ನಾನು ಸಹಿಸಲಾರೆ.