ಮಂಡಿಯಮ್ಮ ಚೀಲ ಬಿಚ್ಚಿಸಿದ ದಿನ

ಮೊನ್ನೆ ಅಡುಗೆಮನೆಯ ಬುಟ್ಟಿಗೆ ಕೈಹಾಕಿದಾಗ ಒಂದು ಈರುಳ್ಳಿ ಮೆತ್ತಗೆ ಸಿಕ್ಕಿತು. ಕೊಳೆತ ಆ ವಾಸನೆ ಮೂಗಿಗೆ ಬಡಿದದ್ದೇ, ಅಜ್ಜಂಪುರದ ಮಂಡಿಯಮ್ಮ ಕಣ್ಣೆದುರು ನಿಂತರು...

ಅರವತ್ತರ ದಶಕದ ಮೊದಲ ವರ್ಷಗಳು. ಸಿಂಗಟಗೆರೆಯಿಂದ ಮದುವೆಯಾಗಿ ಬಂದ ನಾನು ಅವರ ಈರುಳ್ಳಿ ಮಂಡಿಯಲ್ಲಿ ಒಳ್ಳೆಯ ಗಡ್ಡೆ, ಕೆಟ್ಟ ಗಡ್ಡೆ ಬೇರ್ಪಡಿಸುವ ಕೆಲಸಕ್ಕೆ ಸೇರಿದ್ದೆ. ತಮ್ಮ ಗಂಡ ತೀರಿಕೊಂಡ ಮೇಲೆ ವ್ಯಾಪಾರ ನಡೆಸುತ್ತಿದ್ದವರು ಮಂಡಿಯಮ್ಮನೇ; ನಾವೆಲ್ಲ ಅವರನ್ನು ಅಮ್ಮ ಅನ್ನುತ್ತಿದ್ದೆವು. ಹೊಸಬರ ಪಕ್ಕದಲ್ಲಿ ತಿಂಗಳುಗಟ್ಟಲೆ ತಾವೇ ಕೂತು ಕಲಿಸುತ್ತಿದ್ದರು: ಗಡ್ಡೆಯ ಕುತ್ತಿಗೆ ಒತ್ತಿ ನೋಡುವುದು, ಸಿಪ್ಪೆಯ ಸದ್ದು ಕೇಳುವುದು, ಮೂಸುವುದು. ಮೊದಲ ದಿನವೇ ಹೇಳಿದ್ದರು: "ಅನುಮಾನ ಬಂದ್ರೆ ನಿಲ್ಸಿ ಅನ್ನು. ನಾನೇ ಎದುರಿಗಿದ್ರೂ ಸೈ."

ಅಷ್ಟರಲ್ಲಿ ರೈಲ್ವೆ ಸ್ಟೇಷನ್ ಪಕ್ಕ ಇನ್ನೊಬ್ಬ ಸಾಹುಕಾರರು ದೊಡ್ಡ ತಗಡಿನ ಮಂಡಿ ಕಟ್ಟಿ, ನಮ್ಮಲ್ಲಿ ಪಳಗಿದ್ದ ಇಬ್ಬರು ಹೆಂಗಸರನ್ನು ಹೆಚ್ಚು ಕೂಲಿಗೆ ಕರೆದುಕೊಂಡರು. ಇನ್ನು ನಮ್ಮ ಮಂಡಿ ಮುಚ್ಚುತ್ತದೆಂದು ನಮಗೆಲ್ಲ ದಿಗಿಲು. ಅಮ್ಮ ಮಾತ್ರ ಅವರಿಬ್ಬರಿಗೂ ಊಟ ಹಾಕಿ ಕಳಿಸಿದರು.

ಅದೇ ವಾರ ಮದರಾಸಿಗೆ ಹೋಗುವ ರೈಲಿನ ವ್ಯಾಗನ್ನಿಗೆ ಚೀಲ ಹೇರುವಾಗ ನನಗೆ ವಾಸನೆ ಬಂದಂತಾಯಿತು.

"ಅಮ್ಮಾ, ನಿಲ್ಸಿ..." ಎಂದೆ.

"ಗಾಡಿ ಹೊಂಟೋಯ್ತದೆ ಕಣಮ್ಮ!" ಎಂದು ಗುಮಾಸ್ತರು ನನ್ನ ಮೇಲೆ ರೇಗಿದರು.

ಅಮ್ಮ ಅಷ್ಟೂ ಚೀಲ ಬಿಚ್ಚಿಸಿದರು. ಒಂದೇ ಒಂದು ಕೊಳೆತ ಗಡ್ಡೆಯೂ ಇರಲಿಲ್ಲ. ವ್ಯಾಗನ್ ತಪ್ಪಿಯೇ ಹೋಯಿತು. ನಾನು ಅಳುತ್ತಾ ನಿಂತೆ.

"ಯಾಕಳ್ತೀಯವ್ವ? ಚೆನ್ನಾಗೈತೆ ಅಂತ ಗೊತ್ತಾಯ್ತಲ್ಲ. ನಾಳೆನೂ ಹಿಂಗೇ ಹೇಳ್ಬೇಕು," ಎಂದು ಸೆರಗಿನಲ್ಲಿ ನನ್ನ ಮುಖ ಒರೆಸಿದರು.

ಅದನ್ನು ಎಲ್ಲರೂ ನೋಡಿದ್ದರು. ಮುಂದೆ ಜಡಿಮಳೆ ಹಿಡಿದಾಗ, ಅದುವರೆಗೆ ಬಾಯಿ ಬಿಡದಿದ್ದ ಹಮಾಲರೂ ಚೀಲ ಇಳಿಸಿ, "ಇದ್ಯಾಕೋ ತೇವ ಐತೆ ಕಣ್ರಮ್ಮ," ಎನ್ನತೊಡಗಿದರು. ಆ ಮಳೆಯಲ್ಲಿ ಸ್ಟೇಷನ್ ಪಕ್ಕದ ಮಂಡಿಯ ಸರಕು ದಾರಿಯಲ್ಲೇ ಕೊಳೆಯಿತು, ನಮ್ಮದು ಕೆಡಲಿಲ್ಲ. ಅಲ್ಲಿಗೆ ಹೋದವರಲ್ಲಿ ಒಬ್ಬಳು ಹಿಂತಿರುಗಿ ಬಂದು, "ಅಲ್ಲಿ ವಾಸ್ನೆ ಬತ್ತೈತೆ ಅಂದ್ರೆ ಬಾಯ್ಮುಚ್ಚು ಅಂತಿದ್ರು ಕಣೇ," ಎಂದಳು. ಅಮ್ಮ ಅವಳನ್ನು ಹಳೆಯ ಜಾಗದಲ್ಲೇ ಕೂರಿಸಿದರು. ಅವರು ಬದುಕಿದ್ದಷ್ಟು ಕಾಲ ಮದರಾಸಿನ ವರ್ತಕರು ನಮ್ಮ ಚೀಲಗಳನ್ನು ಬಿಚ್ಚಿ ನೋಡದೆ ಇಳಿಸಿಕೊಳ್ಳುತ್ತಿದ್ದರು.

ಅಮ್ಮ ಹೋದಾಗ ನಾನು ತವರಿನಲ್ಲಿ ಬಾಣಂತಿ. ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲ... ಈಗ ನನಗೂ ವಯಸ್ಸಾಯಿತು. ಮನೆಯಲ್ಲಿ ಏನಾದರೂ ಹೇಳಹೊರಟರೆ, "ಸುಮ್ನಿರಜ್ಜಿ," ಅನ್ನುತ್ತಾರೆ, ಪ್ರೀತಿಯಿಂದಲೇ. ನನ್ನ ಒಂದು ಮಾತಿಗೆ ವ್ಯಾಗನ್ನನ್ನೇ ಬಿಟ್ಟುಕೊಟ್ಟವರು ಮಂಡಿಯಮ್ಮ ಒಬ್ಬರೇ.