ಮುತ್ತಜ್ಜನ ಜಮೀನಿನಲ್ಲಿ ಕೇಳಿದ ದನಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಮೊದಲೆಲ್ಲ ನಕ್ಕುಬಿಡುತ್ತಿದ್ದೆ. ಮೈಸೂರಿನಲ್ಲಿ ನಮ್ಮ ಸೋದರತ್ತೆಯ ಬಳಿ ಇವುಗಳ ಭಂಡಾರವೇ ಇತ್ತು; ಅವರು ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ. ಈಗ ನನ್ನ ಸರದಿ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ನಾನಿರುವುದು ವರ್ಜೀನಿಯಾದ ಹರ್ನ್‌ಡನ್‌ನಲ್ಲಿ. ಗಂಡ ಮಾರ್ಕ್ ಈ ದೇಶದವನೇ. ಅವನ ತಂದೆಗೆ, ಅಂದರೆ ನನ್ನ ಮಾವನಿಗೆ, ರಿಟೈರ್ ಆದಮೇಲೆ ಒಂದೇ ಹುಚ್ಚು: ಮುತ್ತಜ್ಜನ ಮೂಲ ಹುಡುಕುವುದು. ಆತ ನಾರ್ವೆಯವನು, ಹೆಸರು ಲಾರ್ಸ್. ಹತ್ತೊಂಬತ್ತನೇ ಶತಮಾನದಲ್ಲಿ ಹಡಗಿನ ಬಡಗಿಯಾಗಿ ಬಂದವನು ನಾರ್ತ್ ಕ್ಯಾರೊಲೈನಾದಲ್ಲಿ ಇಳಿದು, ಮತ್ತೆ ಹಡಗು ಹತ್ತಲೇ ಇಲ್ಲವಂತೆ. ಬೇಸಾಯ ಮಾಡಿದ, ಮಕ್ಕಳಾದವು. ಗೊತ್ತಿದ್ದದ್ದು ಇಷ್ಟೇ. ಫೋಟೋ ಇಲ್ಲ, ಸಮಾಧಿ ಎಲ್ಲಿದೆಯೋ ತಿಳಿಯದು. ಅವನ ಭಾಷೆ ಮಕ್ಕಳ ಕಾಲಕ್ಕೇ ಮನೆಯಿಂದ ಮಾಯವಾಗಿತ್ತು. ಮಾವನಿಗೆ ಅದರ ಒಂದು ಪದವೂ ಬಾರದು.

ಕೋವಿಡ್ ಸ್ವಲ್ಪ ತಗ್ಗಿದ ವರ್ಷ, ಲಾರ್ಸನ ಜಮೀನು ಯಾವುದೆಂದು ಕೊನೆಗೂ ಗೊತ್ತಾಯಿತು. ಮಾರ್ಕ್‌ಗೆ ರಜೆ ಇರಲಿಲ್ಲ. ಮಾವನೊಬ್ಬರನ್ನೇ ಅಷ್ಟು ದೂರ ಕಳಿಸಲು ಮನಸ್ಸು ಬಾರದೆ, ನಾಲ್ಕು ವರ್ಷದ ಮಗಳು ತಾರಾಳನ್ನೂ ಕಟ್ಟಿಕೊಂಡು ನಾನೇ ಡ್ರೈವ್ ಮಾಡಿದೆ.

ಅಲ್ಲೇನಿತ್ತು? ಪೈನ್ ಮರಗಳ ನಡುವೆ ಹುಲ್ಲು ಬೆಳೆದ ಬಯಲು, ಅಷ್ಟೆ. ಈಗಿನ ಮಾಲೀಕರು ನೋಡಿಕೊಂಡು ಹೋಗಿ ಎಂದಿದ್ದರು. ಹೆದ್ದಾರಿಯ ಕಡೆಗೆ ಕಬ್ಬಿಣದ ಗೇಟು. ಆಚೆ ಮರದ ದಿಮ್ಮಿ ಹೊತ್ತ ಟ್ರಕ್ಕುಗಳು ಧಡಧಡ ಹೋಗುತ್ತಿದ್ದವು. ಮಟಮಟ ಮಧ್ಯಾಹ್ನ. ನನಗೋ ಕಾಲಿಟ್ಟಾಗಿನಿಂದ ಏನೋ ಚಡಪಡಿಕೆ. ಬೇಗ ಹೊರಡೋಣ ಎಂದು ಮಾವನಿಗೆ ಹೇಳುತ್ತಲೇ ಇದ್ದೆ.

ಅವರು ನನ್ನ ಪಕ್ಕದಲ್ಲೇ ನಿಂತು ಫೋಟೋ ತೆಗೆಯುತ್ತಿದ್ದರು. ಆಗ ಯಾರೋ ಗದರಿದರು: "ಲುಕ್ ಗ್ರಿನ್ನಾ!"

ನಮ್ಮ ಮನೆಗಳಲ್ಲಿ ಹಿರಿಯರು ಚಿಕ್ಕವರನ್ನು ಗದರುತ್ತಾರಲ್ಲ, ಅದೇ ದನಿ. ಇಂಗ್ಲಿಷಿನ 'ಲುಕ್' ಎಂದುಕೊಂಡು ತಿರುಗಿ ನೋಡಿದೆ. ಯಾರೂ ಇಲ್ಲ. ಗೇಟು ಹಾರುಹೊಡೆದಿತ್ತು. ಗಾಳಿಗೆ ಹಾರಿದ ಟೋಪಿಯ ಹಿಂದೆ ತಾರಾ ಅತ್ತಲೇ ಓಡುತ್ತಿದ್ದಳು.

"ತಾರಾ, ನಿಲ್ಲೇ!"

"ಅಮ್ಮಾ, ಮೈ ಹ್ಯಾಟ್!"

ನಾನು ಅವಳ ರಟ್ಟೆ ಹಿಡಿದಾಗ ಅವಳ ಒಂದು ಕಾಲು ಟಾರಿನ ಮೇಲಿತ್ತು. ಟೋಪಿಯ ಮೇಲೆ ಟ್ರಕ್ಕು ಹರಿದುಹೋಯಿತು. ಗೇಟನ್ನು ಎಳೆದು ಹಾಕಿ, ಮಗುವನ್ನು ಅವಚಿಕೊಂಡೆ.

ಮಾವ ಏದುಸಿರು ಬಿಡುತ್ತಾ ಬಂದರು. "ನೀವು ಕೂಗದೇ ಇದ್ದಿದ್ರೆ..." ಎಂದೆ.

"ನಾನೆಲ್ಲಿ ಕೂಗಿದೆ, ಸುಮಾ? ನಾನು ಬಾಯೇ ತೆರೆದಿಲ್ಲ."

ಮನೆಗೆ ಬಂದಮೇಲೂ ಆ ಸದ್ದು ಕಿವಿಯಿಂದ ಹೋಗಲಿಲ್ಲ. ಆಫೀಸಿನಲ್ಲಿ ನಾರ್ವೆಯ ಹಳ್ಳಿಯೊಂದರಿಂದ ಬಂದ ಸಹೋದ್ಯೋಗಿ ಇದ್ದಳು. ತಡೆಯಲಾರದೆ ಒಂದು ದಿನ ಅವಳ ಮುಂದೆ ಹಾಗೇ ಉಚ್ಚರಿಸಿದೆ. ಇನ್ನೊಮ್ಮೆ ಹೇಳು ಎಂದು, ಕೇಳಿ ನಕ್ಕಳು. "ಗೇಟು ಹಾಕು ಅಂತ. ನಮ್ಮಜ್ಜ ದಿನಾ ಅನ್ನೋರು, ದನ ಆಚೆ ಹೋಗ್ತವೆ ಅಂತ. ನಿನಗ್ಯಾರು ಹೇಳಿಕೊಟ್ರು?"

ಎಲ್ಲೋ ಟಿವಿಯಲ್ಲಿ ಕೇಳಿ ಮರೆತಿದ್ದೆನೇ? ಟ್ರಕ್ಕಿನ ಬ್ರೇಕಿನ ಸದ್ದಿಗೆ ನಾನೇ ಅಕ್ಷರ ಜೋಡಿಸಿದೆನೇ? ಇದ್ದರೂ ಇರಬಹುದು. ಆದರೆ ಆ ಅಕ್ಷರಗಳೇ ಯಾಕೆ?

ಮಾವನಿಗೆ ಹೇಳಿದಾಗ ಅವರಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ: "ಇಷ್ಟು ವರ್ಷ ಅವನನ್ನ ಹುಡುಕಿದ್ದು ನಾನು. ನನ್ನ ಮೈಯಲ್ಲಿರೋದು ಅವನ ರಕ್ತ. ಪಕ್ಕದಲ್ಲೇ ನಿಂತಿದ್ದೆ. ನನಗ್ಯಾಕೆ ಕೇಳಿಸಲಿಲ್ಲ?"

"ನನಗೂ ಅರ್ಥ ಆಗಲಿಲ್ವಲ್ಲ."

"ಆದ್ರೂ ನೀನು ತಿರುಗಿದೆ."

ಈಗಲೂ ಫೋನ್ ಮಾಡಿದಾಗಲೆಲ್ಲ ಅದೇ ವಿಚಾರಣೆ. ವಯಸ್ಸಾದವನ ದನಿಯಾ? ಯಾವ ಕಡೆಯಿಂದ ಬಂತು? ಕೋಪವಿತ್ತಾ? ಉತ್ತರ ಹೇಳೀ ಹೇಳೀ ಆ ದನಿ ಹೇಗಿತ್ತೆಂಬುದೇ ನನಗೆ ಮಸುಕಾಗತೊಡಗಿದೆ. ಹೋದ ವರ್ಷ ಅವರೊಬ್ಬರೇ ಅಲ್ಲಿಗೆ ಹೋಗಿ, ಬೇಕೆಂದೇ ಗೇಟು ತೆರೆದಿಟ್ಟು, ಮಡಚುವ ಕುರ್ಚಿ ಹಾಕಿಕೊಂಡು ಸಂಜೆಯವರೆಗೆ ಕೂತಿದ್ದರಂತೆ. ಯಾರೂ ಗದರಲಿಲ್ಲ.

ಈಗ ನನ್ನನ್ನು ಕರೆಯುತ್ತಿದ್ದಾರೆ. ಮಗುವನ್ನು ಬಿಟ್ಟು ಬಾ, ನೀನೊಬ್ಬಳು ಪಕ್ಕದಲ್ಲಿ ನಿಂತರೆ ಸಾಕು ಎನ್ನುತ್ತಾರೆ. ಆಗಲಿ ಅನ್ನಲೂ ಆಗದೆ, ಒಲ್ಲೆ ಅನ್ನಲೂ ಆಗದೆ, ಪ್ರತಿ ಸಲವೂ ಮಾತು ಬದಲಿಸುತ್ತೇನೆ.